ಹಾಡು ನಿಮ್ಮದು, ಕೀಲಿಕೈ ಅವರದು

2008ರ ಡಿಸೆಂಬರ್ 31ರಂದು ಅಮೆರಿಕದಲ್ಲಿ ಸಾವಿರಾರು ಜೂನ್ ಪ್ಲೇಯರುಗಳು ಒಟ್ಟೊಟ್ಟಿಗೇ ಕಲ್ಲಾಗಿ ಕೂತವು. ಮೈಕ್ರೋಸಾಫ್ಟ್ ತಂದ ಮೊದಲ ಮಾಡೆಲ್, 30 ಜಿಬಿಯದ್ದು. ಆನ್ ಮಾಡಿದರೆ ಲೋಗೋ ಬರುತ್ತೆ, ಅಷ್ಟೇ. ಗುಂಡಿ ಒತ್ತಿದರೂ ಇಲ್ಲ, ಬೆನ್ನು ತಟ್ಟಿದರೂ ಇಲ್ಲ. ಕಾರಣ ಆಮೇಲೆ ಗೊತ್ತಾಯ್ತು. 2008 ಅಧಿಕ ವರ್ಷ, ಅವತ್ತು ಅದರ 366ನೇ ದಿನ. ಪ್ಲೇಯರಿನ ಗಡಿಯಾರದ ಕೋಡು ದಿನಗಳ ಲೆಕ್ಕವನ್ನು ವರ್ಷಕ್ಕೆ ತಿರುಗಿಸೋಕೆ ಒಂದು ಲೂಪಿನಲ್ಲಿ ಓಡುತ್ತೆ. ದಿನಗಳು 365ಕ್ಕಿಂತ ಹೆಚ್ಚಿರೋ ತನಕ ಲೂಪಿನಿಂದ ಹೊರಗೆ ಬರೋ ಹಾಗಿಲ್ಲ; ಅಧಿಕ ವರ್ಷವಾದರೆ ದಿನಗಳು 366ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಳೆಯಬೇಕು. ಸರಿಯಾಗಿ 366 ಇದ್ದರೆ? ಕಳೆಯೋದೂ ಇಲ್ಲ, ಹೊರಗೆ ಬರೋದೂ ಇಲ್ಲ. ಗಾಣದೆತ್ತಿನ ಹಾಗೆ ಸುತ್ತುತ್ತಾ ಇರೋದು. ನಮ್ಮಲ್ಲಿ ಅರ್ಧಕ್ಕರ್ಧ ಜನ ಕೋಡ್ ಬರೆದೇ ಹೊಟ್ಟೆ ಹೊರೆಯೋರು, ಇದನ್ನು ಓದಿ ಒಳಗೊಳಗೇ ಬೆವರಿರಬಹುದು.

ಮೈಕ್ರೋಸಾಫ್ಟ್ ಹೇಳಿದ ಪರಿಹಾರ ಇನ್ನೂ ಸೊಗಸು. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಗ್ರೀನ್‌ವಿಚ್ ಲೆಕ್ಕದಲ್ಲಿ ಜನವರಿ 1ರ ಮಧ್ಯಾಹ್ನ ಕಳೆಯಲಿ, ಆಮೇಲೆ ಚಾರ್ಜ್ ಮಾಡಿ. ಅಂದರೆ, ವರ್ಷ ಬದಲಾಗಲಿ, ಗ್ರಹಚಾರ ತಾನೇ ಸರಿಹೋಗುತ್ತೆ. ನಮ್ಮೂರ ಜ್ಯೋತಿಷಿಗಳೂ ಇದನ್ನೇ ಹೇಳೋದು.

ಎಲ್ಲರೂ ನಕ್ಕರು. ನಗಲಿ ಬಿಡಿ. ಆದರೆ ಆ ಪ್ಲೇಯರುಗಳು ಮರುದಿನ ಎದ್ದು ಕೂತು ಹಾಡಿದವು. ಅದೇ 2008ರಲ್ಲಿ, ಒಮ್ಮೆ ಮಲಗಿದರೆ ಮತ್ತೆ ಏಳದ ಹಾಡುಗಳ ಕಥೆಯೊಂದು ನಡೀತು. ಅದಕ್ಕೆ ಯಾರೂ ಇಷ್ಟು ಜೋಕು ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಹಳೆಯ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯ ಗಿರಾಕಿಗಳಿಗೆ ತಿಳಿಸಿತು: ಆಗಸ್ಟ್ 31ರ ನಂತರ ನಿಮ್ಮ ಹಾಡುಗಳಿಗೆ ಹೊಸ ಕೀಲಿ ಕೊಡೋ ಸರ್ವರ್ ಇರಲ್ಲ. ಈಗಿರೋ ಕಂಪ್ಯೂಟರಿನಲ್ಲಿ ಕೇಳ್ತಾ ಇರಿ, ಆದರೆ ಕಂಪ್ಯೂಟರ್ ಬದಲಾಯಿಸಿದರೆ, ವಿಂಡೋಸ್ ಹೊಸದಾಗಿ ಹಾಕಿಕೊಂಡರೆ, ಆ ಹಾಡುಗಳು ತೆರೆಯಲ್ಲ. ಜನ ಗಲಾಟೆ ಮಾಡಿದ ಮೇಲೆ ಗಡುವನ್ನು 2011ರ ಕೊನೆಗೆ ತಳ್ಳಿದರು. ಜುಲೈನಲ್ಲಿ ಯಾಹೂ ತನ್ನ ಹಾಡಿನಂಗಡಿಯ ಬಗ್ಗೆ ಇದೇ ಮಾತು ಹೇಳಿತು, ಬೈಸಿಕೊಂಡ ಮೇಲೆ ಪರಿಹಾರ ಕೊಡೋಕೆ ಒಪ್ಪಿತು. ಸೆಪ್ಟೆಂಬರ್‌ನಲ್ಲಿ ವಾಲ್‌ಮಾರ್ಟ್. ಅದೂ ಬೈಸಿಕೊಂಡು ಹಿಂದೆ ಸರೀತು. ಒಂದೇ ವರ್ಷದಲ್ಲಿ ಮೂವರು. ಇವೇನು ಕದ್ದ ಹಾಡುಗಳಲ್ಲ ನೋಡಿ. ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಕೊಟ್ಟು, ರಸೀತಿ ಪಡೆದು ಕೊಂಡವು. ಕದ್ದವರ ಹಾಡುಗಳಿಗೆ ಕೂದಲೂ ಕೊಂಕಲಿಲ್ಲ.

ಇನ್ನು ನಮ್ಮ ಪತ್ರಿಕೆಗಳ ಗ್ಯಾಜೆಟ್ ಪುಟ ತೆಗೆದು ನೋಡಿ. ಎಷ್ಟು ಜಿಬಿ, ಸ್ಕ್ರೀನ್ ಎಷ್ಟು ಇಂಚು, ಬ್ಯಾಟರಿ ಎಷ್ಟು ಗಂಟೆ, ಬಣ್ಣ ಎಷ್ಟು ತರ. ಕೊನೆಗೆ ಐದಕ್ಕೆ ಮೂರೂವರೆ ಸ್ಟಾರ್. ಈ ಕಂಪನಿ ಸೋತು ಅಂಗಡಿ ಮುಚ್ಚಿದ ದಿನ ನಾನು ಕೊಂಡಿದ್ದು ನನ್ನ ಹತ್ತಿರ ಉಳಿಯುತ್ತಾ ಅನ್ನೋ ಪ್ರಶ್ನೆಗೆ ಅಲ್ಲಿ ಕಾಲಂ ಇಲ್ಲ. ಐಪಾಡ್ ಮತ್ತದರ ದಾಯಾದಿಗಳ ಏಳೆಂಟು ವರ್ಷದ ಜಗಳವನ್ನು ಈ ಒಂದು ಪ್ರಶ್ನೆ ಹಿಡಿದು ನೋಡಿದರೆ, ಗೆದ್ದವರು ಸೋತವರು ಎಲ್ಲಾ ಸ್ವಲ್ಪ ಬೇರೆಯಾಗೇ ಕಾಣ್ತಾರೆ.

ಮೊದಲು ಕ್ಯಾಸೆಟ್ಟಿನಿಂದ ಶುರು ಮಾಡಬೇಕು. ಫಿಲಿಪ್ಸ್ 1963ರಲ್ಲಿ ಅದನ್ನು ತಂದಿತು, ಆಮೇಲೆ ಯಾರು ಬೇಕಾದರೂ ಶುಲ್ಕವಿಲ್ಲದೆ ತಯಾರಿಸಲಿ ಅಂತ ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಡುವಂತೆ ಒತ್ತಾಯಿಸಿದವರಲ್ಲಿ ಸೋನಿ ಮುಖ್ಯ. 1979ರಲ್ಲಿ ಬಂದ ಸೋನಿಯ ವಾಕ್‌ಮನ್ ನಿಂತಿದ್ದು ಈ ಬಿಟ್ಟುಕೊಟ್ಟ ನೆಲದ ಮೇಲೆ. ನಮ್ಮ ಕಡೆ 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಯ್ತಲ್ಲ, ಅದು ಯಾರ ಮನೆಯ ಟೇಪ್‌ರೆಕಾರ್ಡರ್ ಯಾವ ಕಂಪನಿಯದು ಅಂತ ಕೇಳಿಕೊಂಡು ಹೋಗಲಿಲ್ಲ. ಎಚ್‌ಎಂವಿ ಆಗಲಿ, ಸಂಗೀತಾ ಆಗಲಿ, ಲಹರಿ ಆಗಲಿ, ಎಲ್ಲವೂ ಫಿಲಿಪ್ಸಿನಲ್ಲೂ ಓಡುತ್ತಿದ್ದವು, ನ್ಯಾಷನಲ್ ಪ್ಯಾನಸೋನಿಕ್‌ನಲ್ಲೂ ಓಡುತ್ತಿದ್ದವು, ದುಬೈನಿಂದ ಬಂದ ಹೆಸರಿಲ್ಲದ ಟೂ-ಇನ್-ಒನ್‌ನಲ್ಲೂ ಓಡುತ್ತಿದ್ದವು. ಪ್ಲೇಯರ್ ಕೆಟ್ಟರೆ ಬೇರೆ ತಗೊಂಡರಾಯ್ತು, ಕ್ಯಾಸೆಟ್ ಅದೇ. ಕಂಪನಿಗಳ ಪೈಪೋಟಿ ಇರಲಿಲ್ಲ ಅಂತಲ್ಲ, ಜೋರಾಗೇ ಇತ್ತು. ಆದರೆ ಅದು ಪ್ಲೇಯರ್ ಚೆನ್ನಾಗಿದೆಯಾ ಇಲ್ಲವಾ ಅನ್ನೋದರ ಮೇಲೆ ಮಾತ್ರ.

ಅದೇ ಸೋನಿ ಇನ್ನೊಂದು ಉಪಕಾರವನ್ನೂ ಮಾಡಿತ್ತು. ಟಿವಿ ಕಾರ್ಯಕ್ರಮವನ್ನು ಮನೆಯಲ್ಲಿ ಬೀಟಾಮ್ಯಾಕ್ಸ್ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳೋದು ಕಳ್ಳತನ ಅಂತ ಹಾಲಿವುಡ್ಡಿನ ಯೂನಿವರ್ಸಲ್, ಡಿಸ್ನಿ ಕೋರ್ಟಿಗೆ ಹೋದಾಗ, ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋರಾಡಿ 1984ರಲ್ಲಿ 5-4ರ ಬಹುಮತದಲ್ಲಿ ಗೆದ್ದಿದ್ದು ಸೋನಿ. ನಾಲ್ಕು ವರ್ಷ ಕಳೆದ ಮೇಲೆ ಅದು ಸಿಬಿಎಸ್ ರೆಕಾರ್ಡ್ಸ್ ಕೊಂಡಿತು, ಮರುವರ್ಷ ಕೊಲಂಬಿಯಾ ಪಿಕ್ಚರ್ಸ್. ಅಲ್ಲಿಗೆ ಬುದ್ಧಿ ತಿರುಗಿತು. ಅಲ್ಲಿಯ ತನಕ ಪ್ಲೇಯರ್ ಮಾಡೋನು, ಈಗ ಹಾಡಿನ ಮಾಲೀಕನೂ ಹೌದು. 1999ರಲ್ಲಿ ಸೋನಿಯ ಮೆಮೊರಿ ಸ್ಟಿಕ್ ವಾಕ್‌ಮನ್ ಬಂದಾಗ ಅದರಲ್ಲಿ ಎಂಪಿ3 ನೇರವಾಗಿ ಓಡುತ್ತಿರಲಿಲ್ಲ. ಸೋನಿಯದೇ ಸಾಫ್ಟ್‌ವೇರು ಅದನ್ನು ಸೋನಿಯದೇ ಅಟ್ರಾಕ್ ರೂಪಕ್ಕೆ ತಿರುಗಿಸಬೇಕು, ಯಾವ ಹಾಡು ಎಷ್ಟು ಸಲ ಹೊರಗೆ ಹೋಯ್ತು ಅಂತ ಲೆಕ್ಕ ಇಡಬೇಕು. ಲೈಬ್ರರಿಯಲ್ಲಿ ಪುಸ್ತಕ ಎರವಲು ಕೊಟ್ಟ ಹಾಗೆ, ನಿಮ್ಮ ಸಿಡಿಯಿಂದ ನೀವೇ ತೆಗೆದ ಹಾಡನ್ನು ನಿಮಗೆ ಎರವಲು ಕೊಡೋದು! ವಾಕ್‌ಮನ್ ಅನ್ನೋ ಹೆಸರು ಕೈಯಲ್ಲಿದ್ದೂ ಈ ಪೇಟೆಯನ್ನು ಬಿಟ್ಟುಕೊಟ್ಟವರು ಸೋನಿಯವರು. ಸ್ಟೀವ್ ಜಾಬ್ಸ್ ಗೆದ್ದಿದ್ದಕ್ಕಿಂತ ಹೆಚ್ಚಾಗಿ ಸೋನಿಯ ಒಂದು ಕೈ ಇನ್ನೊಂದು ಕೈಯನ್ನು ಸೋಲಿಸಿದ್ದು ಅಂತಲೇ ನನ್ನ ಅನಿಸಿಕೆ.

ಹಾಗಂತ ಐಪಾಡ್ ಏನೂ ಮೊದಲನೆಯದಲ್ಲ. ಕೊರಿಯಾದ ಎಂಪಿಮ್ಯಾನ್, ಅಮೆರಿಕದ ಡೈಮಂಡ್ ರಿಯೋ ಎರಡೂ 1998ರವು. ಸಿಂಗಪುರದ ಕ್ರಿಯೇಟಿವ್ ಕಂಪನಿ 2000ದಲ್ಲೇ 6 ಜಿಬಿಯ ನೋಮ್ಯಾಡ್ ಜೂಕ್‌ಬಾಕ್ಸ್ ತಂದಿತ್ತು. ಸಿಡಿ ಪ್ಲೇಯರಿನಷ್ಟು ದಪ್ಪ. ಮರುವರ್ಷ ಅಕ್ಟೋಬರ್‌ನಲ್ಲಿ ಆ್ಯಪಲ್ ತೋಶಿಬಾದ ಪುಟ್ಟ ಡಿಸ್ಕ್ ಹಾಕಿ 5 ಜಿಬಿಯ ಪ್ಲೇಯರನ್ನು ಜೇಬಿಗೆ ಹಿಡಿಸಿತು, 399 ಡಾಲರ್. ಮೆನು ತೋರಿಸೋ ರೀತಿಯ ಪೇಟೆಂಟ್ ತನ್ನದು ಅಂತ ಕ್ರಿಯೇಟಿವ್ ಕೇಸು ಹಾಕಿ, 2006ರಲ್ಲಿ ಆ್ಯಪಲ್‌ನಿಂದ 10 ಕೋಟಿ ಡಾಲರ್ ಪಡೆದುಕೊಂಡಿತು. ಗೌರವ ಉಳೀತು, ಪೇಟೆ ಉಳೀಲಿಲ್ಲ. ಅಷ್ಟರಲ್ಲಿ ಆ್ಯಪಲ್ ಇನ್ನೊಂದು ಕೆಲಸ ಮಾಡಿತ್ತು. 2005ರಲ್ಲಿ ಸ್ಯಾಮ್‌ಸಂಗ್, ಹೈನಿಕ್ಸ್, ತೋಶಿಬಾ, ಇಂಟೆಲ್, ಮೈಕ್ರಾನ್ ಐದೂ ಕಂಪನಿಗಳಿಗೆ ಒಟ್ಟು 125 ಕೋಟಿ ಡಾಲರ್ ಮುಂಗಡ ಕೊಟ್ಟು 2010ರ ತನಕದ ಫ್ಲ್ಯಾಶ್ ಮೆಮೊರಿ ಕಾದಿರಿಸಿಕೊಂಡಿತು. ಮದುವೆ ಸೀಸನ್ನಿಗೆ ಮೊದಲೇ ಊರಿನ ಛತ್ರವನ್ನೆಲ್ಲಾ ಬುಕ್ ಮಾಡಿದ ಹಾಗೆ. ಡಿಸೈನು, ಬಿಳಿ ಇಯರ್‌ಫೋನು ಅಂತೆಲ್ಲಾ ನಾವು ಮಾತಾಡೋದು ಸರಿ, ಈ ಮುಂಗಡದ ಬಗ್ಗೆ ಯಾರೂ ಮಾತಾಡಲ್ಲ.

ಮುಖ್ಯ ವಿಷಯ ಅಂದರೆ, ಐಪಾಡ್ ಮೊದಲ ದಿನದಿಂದ ಬೀಗವಿಲ್ಲದ ಎಂಪಿ3 ನುಡಿಸುತ್ತಿತ್ತು. ಎಲ್ಲಿಂದ ತಂದಿರಿ ಅಂತ ಕೇಳುತ್ತಿರಲಿಲ್ಲ. ಬೀಗ ಬಂದಿದ್ದು 2003ರ ಏಪ್ರಿಲ್‌ನಲ್ಲಿ, ಐಟ್ಯೂನ್ಸ್ ಅಂಗಡಿಯ ಜೊತೆಗೆ. ಡಿಆರ್‌ಎಂ ಇಲ್ಲದೆ ಹಾಡು ಕೊಡಲ್ಲ ಅಂತ ರೆಕಾರ್ಡ್ ಕಂಪನಿಗಳು ಹಟ ಹಿಡಿದಿದ್ದವು. ಆ್ಯಪಲ್ ಫೇರ್‌ಪ್ಲೇ ಅನ್ನೋ ಬೀಗ ಮಾಡಿ ಹಾಕಿತು. ಕಳ್ಳರಿಗೆ ಅಂತ ಹಾಕಿಸಿದ ಬೀಗ. ಆದರೆ ಕೀಲಿಕೈ ಯಾರ ಹತ್ತಿರ? ಆ್ಯಪಲ್ ಅದನ್ನು ಬೇರೆ ಪ್ಲೇಯರ್ ಕಂಪನಿಗಳಿಗೆ ಕೊಡಲಿಲ್ಲ. ರಿಯಲ್‌ನೆಟ್‌ವರ್ಕ್ಸ್ 2004ರಲ್ಲಿ ತನ್ನ ಅಂಗಡಿಯ ಹಾಡು ಐಪಾಡಿನಲ್ಲಿ ಓಡೋ ಹಾಗೆ ಒಂದು ಕೀಲಿ ತಾನೇ ಕಡೆದುಕೊಂಡಾಗ ಆ್ಯಪಲ್ ಅವರನ್ನು ಕಳ್ಳಗಿಂಡಿಯಲ್ಲಿ ನುಗ್ಗಿದವರ ಹಾಗೆ ಜರೆದು, ಮುಂದಿನ ಅಪ್‌ಡೇಟಿನಲ್ಲಿ ಆ ಗಿಂಡಿಯನ್ನೂ ಮುಚ್ಚಿತು. ಐಟ್ಯೂನ್ಸ್‌ನಲ್ಲಿ ಕೊಂಡವರು ಐಪಾಡ್ ಬಿಟ್ಟು ಬೇರೆ ಪ್ಲೇಯರಿಗೆ ಹೋಗಬೇಕೆಂದರೆ, ಹಾಡುಗಳನ್ನು ಒಂದೊಂದಾಗಿ ಸಿಡಿಗೆ ಬರೆದು ಮತ್ತೆ ವಾಪಸ್ ತೆಗೆದುಕೊಳ್ಳಬೇಕಿತ್ತು. ಅಷ್ಟು ಪುರುಸೊತ್ತು ಯಾರಿಗಿದೆ?

ಕೊನೆಗೆ ಆಗಿದ್ದೇನು ಅಂದರೆ, ರೆಕಾರ್ಡ್ ಕಂಪನಿಗಳು ತಾವೇ ಕಟ್ಟಿಸಿದ ಗೋಡೆಯ ಹೊರಗೆ ತಾವೇ ನಿಂತಿದ್ದವು. ಬೆಲೆ ಏರಿಸಬೇಕು ಅಂದರೆ ಆ್ಯಪಲ್ ಕೇಳ್ತಿರಲಿಲ್ಲ, 99 ಸೆಂಟ್ ಅಂದರೆ 99 ಸೆಂಟ್. ಐಪಾಡ್ ಇರೋ ಗಿರಾಕಿಯನ್ನು ಬೇರೆ ಅಂಗಡಿಗೆ ಕರೆಯೋಣ ಅಂದರೆ, ಅಲ್ಲಿನ ಬೀಗದ ಹಾಡು ಐಪಾಡಿನಲ್ಲಿ ಓಡಲ್ಲ. ಬುದ್ಧಿ ಬರೋಕೆ ನಾಲ್ಕು ವರ್ಷ ಬೇಕಾಯ್ತು. 2007ರ ಏಪ್ರಿಲ್‌ನಲ್ಲಿ ಇಎಂಐ ಮೊದಲು ಬೀಗ ತೆಗೆಯೋಕೆ ಒಪ್ಪಿತು. (ಇಎಂಐ ಅಂದ ತಕ್ಷಣ ಫ್ಲ್ಯಾಟಿನ ಕಂತು ನೆನಪಾಗಿ ಎದೆ ಧಸಕ್ ಅನ್ನೋದು ಬೇಡ, ಇದು ಆಗಿನ ಇಂಗ್ಲೆಂಡಿನ ಸಂಗೀತ ಕಂಪನಿ.) ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಬರೀ ಎಂಪಿ3 ಮಾರೋ ಅಂಗಡಿ ತೆರೀತು. 2008ರ ಜನವರಿ ಹೊತ್ತಿಗೆ ನಾಲ್ಕೂ ದೊಡ್ಡ ಕಂಪನಿಗಳು ಅಮೆಜಾನಿಗೆ ಬೀಗವಿಲ್ಲದ ಹಾಡು ಕೊಟ್ಟಿದ್ದವು. ಆ್ಯಪಲ್‌ಗೆ ಕೊಡೋ ವಿಷಯದಲ್ಲಿ ಮಾತ್ರ ಉಳಿದ ಮೂವರು ಇನ್ನೊಂದು ವರ್ಷ ಕಾಯಿಸಿದರು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ 2009ರ ಜನವರಿ 6ರಂದು ಮ್ಯಾಕ್‌ವರ್ಲ್ಡ್ ವೇದಿಕೆ ಮೇಲೆ ಫಿಲ್ ಶಿಲ್ಲರ್ ಬಂದು, ಐಟ್ಯೂನ್ಸಿನ 80 ಲಕ್ಷ ಹಾಡುಗಳಿಗೆ ಇವತ್ತಿನಿಂದ ಬೀಗವಿಲ್ಲ, ಮಾರ್ಚ್ ಮುಗಿಯೋದರೊಳಗೆ ಕೋಟಿ ಹಾಡಿಗೂ ಇರಲ್ಲ ಅಂದಾಗ, ಅದನ್ನು ಆ್ಯಪಲ್ಲಿನ ಔದಾರ್ಯ ಅಂತ ಬರೆದವರನ್ನು ಕಂಡು ನನಗೆ ಸ್ವಲ್ಪ ನಗು ಬಂತು. ಅದು ಕೊಡು-ಕೊಳ್ಳುವ ಒಪ್ಪಂದ. ಆ್ಯಪಲ್‌ಗೆ ಬೀಗವಿಲ್ಲದ ಹಾಡು ಸಿಕ್ಕಿತು, ಕಂಪನಿಗಳಿಗೆ 69 ಸೆಂಟ್, 99 ಸೆಂಟ್, 1 ಡಾಲರ್ 29 ಸೆಂಟ್ ಅನ್ನೋ ಮೂರು ದರ ಸಿಕ್ಕಿತು. ಹಳೇ ಗಿರಾಕಿಗೆ? ಮೊದಲೇ ಕೊಂಡ ಹಾಡಿನ ಬೀಗ ತೆಗೆಸಬೇಕಾದರೆ ಆಗ ಹಾಡಿಗೆ 30 ಸೆಂಟ್ ಕೊಡಬೇಕಿತ್ತು. ಸಾವಿರ ಹಾಡು ಕೊಂಡಿದ್ದರೆ 300 ಡಾಲರ್. 120 ಜಿಬಿಯ ಹೊಸ ಐಪಾಡ್ ಕ್ಲಾಸಿಕ್ ಆಗ 249 ಡಾಲರಿಗೆ ಬರ್ತಿತ್ತು. ಕೊಂಡ ಮನೆಯ ಬಾಗಿಲು ತೆಗೆಸೋಕೆ ಮತ್ತೆ ದುಡ್ಡು.

2007ರ ಫೆಬ್ರವರಿಯಲ್ಲಿ ಜಾಬ್ಸ್ ಬರೆದ ಬಹಿರಂಗ ಪತ್ರವನ್ನು ಇಲ್ಲಿ ನೆನಪು ಮಾಡಿಕೊಳ್ಳಬೇಕು. ಬೀಗದಿಂದ ಯಾರನ್ನೂ ನಾವು ಕಟ್ಟಿಹಾಕಿಲ್ಲ ಅನ್ನೋದಕ್ಕೆ ಅವರು ಕೊಟ್ಟ ಲೆಕ್ಕ ಇದು: ಮಾರಿದ ಹಾಡುಗಳನ್ನು ಮಾರಿದ ಐಪಾಡುಗಳಿಂದ ಭಾಗಿಸಿದರೆ ಒಂದಕ್ಕೆ 22 ಹಾಡು, ಸಾವಿರ ಹಾಡಿನ ಐಪಾಡಿನಲ್ಲಿ ಶೇಕಡಾ 3ಕ್ಕೂ ಕಡಿಮೆ. ಸರಾಸರಿ ತೆಗೆಯೋದರಲ್ಲಿ ಇರೋ ಜಾಣತನ ನೋಡಿ. ಹತ್ತು ಜನರಲ್ಲಿ ಒಂಬತ್ತು ಜನ ಒಂದೂ ಹಾಡು ಕೊಳ್ಳದೆ, ಒಬ್ಬ 220 ಕೊಂಡರೂ ಸರಾಸರಿ 22 ಬರುತ್ತೆ. ಆ ಒಬ್ಬನೇ ಅಂಗಡಿಯ ಅತ್ಯಂತ ನಿಯತ್ತಿನ ಗಿರಾಕಿ, ಕಟ್ಟಿಹಾಕಿಸಿಕೊಂಡವನೂ ಅವನೇ. ಪತ್ರದ ಉಳಿದ ವಾದ ಗಟ್ಟಿಯಾಗೇ ಇದೆ, ಸಿಡಿಗಳಿಗೆ ಬೀಗವೇ ಇಲ್ಲದಿರುವಾಗ ಇಂಟರ್ನೆಟ್ ಹಾಡಿಗೆ ಹಾಕಿ ಏನು ಪ್ರಯೋಜನ ಅನ್ನೋದು. ಈ ಸರಾಸರಿ ಮಾತ್ರ ವಕೀಲರ ಲೆಕ್ಕ.

ಆದರೂ ಮೈಕ್ರೋಸಾಫ್ಟಿಗೆ ಹೋಲಿಸಿದರೆ ಆ್ಯಪಲ್ ಸಾಧು. 2004ರಲ್ಲಿ ಮೈಕ್ರೋಸಾಫ್ಟ್ 'ಪ್ಲೇಸ್ ಫಾರ್ ಶೂರ್' ಅಂತ ಒಂದು ಮುದ್ರೆ ತಂದಿತು. ಹೆಸರಿನ ಅರ್ಥವೇ 'ಖಂಡಿತ ಹಾಡುತ್ತೆ' ಅಂತ. ನಮ್ಮ ಬೀಗದ ಹಾಡು ಯಾವ ಅಂಗಡಿಯಲ್ಲಾದರೂ ಕೊಳ್ಳಿ, ಈ ಮುದ್ರೆ ಇರೋ ಯಾವ ಪ್ಲೇಯರಿನಲ್ಲಾದರೂ ಕೇಳಿ. ಕ್ರಿಯೇಟಿವ್, ಐರಿವರ್, ಸ್ಯಾನ್‌ಡಿಸ್ಕ್ ಎಲ್ಲಾ ನಂಬಿ ಜೊತೆಗೆ ಬಂದರು. ಎರಡು ವರ್ಷ ಕಳೀತು. 2006ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನದೇ ಜೂನ್ ತಂದಾಗ ಅದರಲ್ಲಿ ಪ್ಲೇಸ್ ಫಾರ್ ಶೂರ್ ಹಾಡುಗಳು ಓಡಲಿಲ್ಲ! ಜೊತೆಗೆ ಬಂದ ಕಂಪನಿಗಳನ್ನೂ, ನಂಬಿ ಕೊಂಡ ಜನರನ್ನೂ ಒಂದೇ ಏಟಿಗೆ ಕೈಬಿಟ್ಟ ಹಾಗಾಯ್ತು. ಜೂನ್‌ನಲ್ಲಿ ವೈಫೈ ಇತ್ತು, ಪಕ್ಕದವರ ಜೂನ್‌ಗೆ ಹಾಡು ಕಳಿಸಬಹುದಿತ್ತು. ಆದರೆ ಅವರು ಮೂರು ಸಲ ಅಥವಾ ಮೂರು ದಿನ ಕೇಳಬಹುದು, ಆಮೇಲೆ ಸಿಗಲ್ಲ. ನಿಮ್ಮ ಮಗಳು ಹಾಡಿದ್ದನ್ನು ನೀವೇ ರೆಕಾರ್ಡ್ ಮಾಡಿ ಅಜ್ಜಿಗೆ ಕಳಿಸಿದರೂ ಅದೇ ಕಟ್ಟಳೆ. ಇದರ ಮೇಲೆ, ಮಾರಿದ ಪ್ರತಿ ಜೂನ್‌ಗೂ ಯೂನಿವರ್ಸಲ್ ಮ್ಯೂಸಿಕ್‌ಗೆ ಒಂದು ಡಾಲರಿಗಿಂತ ಹೆಚ್ಚು ಕಪ್ಪ. ಗಿರಾಕಿ ಕಳ್ಳನೇ ಇರಬೇಕು ಅಂತ ಮೊದಲೇ ತೀರ್ಮಾನಿಸಿ ದಂಡ ವಸೂಲಿ ಮಾಡಿದ ಹಾಗೆ. ಈ ಪ್ಲೇಯರನ್ನು ವಿಮರ್ಶಕರು ಅದರ ಕಂದು ಬಣ್ಣಕ್ಕೆ ಬೈದರು. ಬಣ್ಣ ಪರವಾಗಿರಲಿಲ್ಲ ಮಾರಾಯ್ರೆ.

ಇದೆಲ್ಲಾ ನಮಗೇನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಸ್ವಲ್ಪ ಸೊಟ್ಟಗಿದೆ. ಜೂನ್ ಇಲ್ಲಿ ಮಾರಾಟಕ್ಕೇ ಬಂದಿಲ್ಲ. ಆಗ ಐಪಾಡ್ ಬಂದಿತ್ತು, ಐಟ್ಯೂನ್ಸಿನ ಹಾಡಿನಂಗಡಿ ಬಂದಿರಲಿಲ್ಲ. ಪ್ಲೇಯರು, ಸಾಫ್ಟ್‌ವೇರು, ಅಂಗಡಿ ಮೂರೂ ಸೇರಿ ಒಂದು ಅನ್ನೋದೇ ಆ್ಯಪಲ್ಲಿನ ಹೆಚ್ಚುಗಾರಿಕೆ ಅಂತ ಮ್ಯಾನೇಜ್‌ಮೆಂಟ್ ಪುಸ್ತಕಗಳೆಲ್ಲಾ ಹೇಳುತ್ತವೆ. ನಮಗೆ ಆಗ ಸಿಗ್ತಿದ್ದದ್ದು ಮೂರು ಕಾಲಿನ ಸ್ಟೂಲಿನಲ್ಲಿ ಎರಡೇ ಕಾಲು. ಮೂರನೆಯದನ್ನು ನಾವೇ ಹೊಂದಿಸಿಕೊಂಡಿದ್ದೆವು. ಗೆಳೆಯನ ಹಾರ್ಡ್ ಡಿಸ್ಕು, ಆಫೀಸಿನ ಶೇರ್ಡ್ ಫೋಲ್ಡರು, ಹಾಡಿನ ಹೆಸರಿರಬೇಕಾದ ಜಾಗದಲ್ಲಿ ತನ್ನ ವಿಳಾಸವನ್ನೇ ಬರೆದುಕೊಂಡಿರೋ ವೆಬ್‌ಸೈಟು. ಅದೂ ಬೇಡವಾದರೆ ಗಲ್ಲಿಯ ಮೊಬೈಲ್ ಅಂಗಡಿ ಇದ್ದೇ ಇತ್ತು, ಮೆಮೊರಿ ಕಾರ್ಡ್ ಕೊಟ್ಟರೆ ಟೀ ಕುಡಿದು ಬರೋಷ್ಟರಲ್ಲಿ ಹೊಸ ಸಿನಿಮಾ ಹಾಡೆಲ್ಲಾ ತುಂಬಿಸಿಕೊಡ್ತಿದ್ದ. ಐಪಾಡಿಗೆ ಇಲ್ಲಿ ನಿಜವಾದ ಪೈಪೋಟಿ ಕೊಟ್ಟಿದ್ದು ಕ್ರಿಯೇಟಿವ್ ಅಲ್ಲ, ನೋಕಿಯಾ. ಇದರಲ್ಲಿ ಹಾಡುಗಾರರಿಗೆ, ಹಾಡು ಬರೆದವರಿಗೆ ಬಿಡಿಗಾಸೂ ಹೋಗ್ತಿರಲಿಲ್ಲ, ಅದು ಅನ್ಯಾಯವೇ. ಆದರೆ ದುಡ್ಡು ಕೊಟ್ಟ ಅಮೆರಿಕದವನ ಹಾಡಿಗೆ ಬೀಗ, ಕೊಡದ ನಮ್ಮ ಹಾಡಿಗೆ ಸ್ವಾತಂತ್ರ್ಯ ಅನ್ನೋ ವ್ಯವಸ್ಥೆ ಯಾರನ್ನು ಪ್ರಾಮಾಣಿಕ ಆಗು ಅಂತ ಕರೆಯುತ್ತಿತ್ತು?

ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾಗಿದ್ದು ಮೋಸರ್ ಬೇರ್. ಖಾಲಿ ಸಿಡಿ ಮಾಡಿಕೊಂಡಿದ್ದ ಕಂಪನಿ. 2007ರಲ್ಲಿ ಅದು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಅಂತ ಸಿನಿಮಾ ಮಾರೋಕೆ ಇಳೀತು. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಸಿಗೋ ಕಳ್ಳ ಡಿಸ್ಕಿನ ದರಕ್ಕೇ, ನೆಟ್ಟಗಿನ ಪ್ರಿಂಟು. ಕಳ್ಳ ಮಾಲಿನವನನ್ನು ಅಪರಾಧಿಯಾಗಿ ಅಲ್ಲ, ಎದುರಂಗಡಿಯವನಾಗಿ ನೋಡಿದ ಕಂಪನಿ ಅದು. ನನ್ನ ಆ ಒಂದು ಪ್ರಶ್ನೆಗೂ ಅದು ಪಾಸಾಗುತ್ತೆ. ಮೋಸರ್ ಬೇರ್ ಬಾಗಿಲು ಹಾಕಿದರೂ ಆ 28 ರೂಪಾಯಿಯ ಡಿಸ್ಕು ತಿರುಗುತ್ತಾ ಇರುತ್ತೆ.

2009ರ ಹೊತ್ತಿಗೆ ಜಗಳ ಜೇಬಿನಿಂದ ನಡುಮನೆಗೆ ಬಂದಿತ್ತು, ನಾನು ಇಷ್ಟು ಉದ್ದ ಬರೀತಾ ಇರೋದೂ ಅದಕ್ಕೇ. ಹಾಡಿನ ಬೀಗ ಹೋಯ್ತು ಅಂತ ಆ್ಯಪಲ್ ಸಾರಿದ ದಿನ ಸಿನಿಮಾ, ಟಿವಿ ಸೀರಿಯಲ್ಲುಗಳ ಬೀಗ ಹಾಗೇ ಇತ್ತು. ಜಾಬ್ಸ್ ಹವ್ಯಾಸ ಅಂತ ಕರೆದ ಆ್ಯಪಲ್ ಟಿವಿ ಒಂದು ಕಡೆ. 2008ರ ನವೆಂಬರ್‌ನಿಂದ ನೆಟ್‌ಫ್ಲಿಕ್ಸ್ ಸಿನಿಮಾ ತೋರಿಸ್ತಿದ್ದ ಎಕ್ಸ್‌ಬಾಕ್ಸ್ 360 ಇನ್ನೊಂದು ಕಡೆ. ಬ್ಲೂ-ರೇ ಹೊತ್ತ ಸೋನಿಯ ಪಿಎಸ್3 ಮತ್ತೊಂದು ಕಡೆ. ರೆಕಾರ್ಡ್ ಕಂಪನಿಗಳ ಗತಿ ನೋಡಿ ಹಾಲಿವುಡ್ ಪಾಠ ಕಲಿತಿದೆ, ಆದರೆ ಕಲಿತಿದ್ದು ಉಲ್ಟಾ. ಬೀಗ ತೆಗೆಯೋದಲ್ಲ, ಒಬ್ಬನ ಕೈಯಲ್ಲೇ ಎಲ್ಲಾ ಕೀಲಿ ಇರಬಾರದು ಅನ್ನೋದು. ಬೀಗವನ್ನಂತೂ ತಂತಿಯ ತನಕ ತಂದಿದ್ದಾರೆ. 2008ರ ಕೊನೆಗೆ ಬಂದ ಹೊಸ ಮ್ಯಾಕ್‌ಬುಕ್ಕುಗಳಲ್ಲಿ, ಐಟ್ಯೂನ್ಸ್‌ನಲ್ಲಿ ಕೊಂಡ ಕೆಲವು ಸಿನಿಮಾಗಳು ಹಳೇ ಮಾನಿಟರಿಗೋ ಪ್ರೊಜೆಕ್ಟರಿಗೋ ಜೋಡಿಸಿದರೆ ಓಡ್ತಿರಲಿಲ್ಲ. ಆ ಮಾನಿಟರಿಗೆ ಬೀಗದ ಭಾಷೆ ಬರಲ್ಲ, ಅದಕ್ಕೆ ತೋರಿಸಲ್ಲ ಅಂತ ಕಂಪ್ಯೂಟರು ಹೇಳ್ತಿತ್ತು.

ಬಾಡಿಗೆ ಬಗ್ಗೆ ನನಗೆ ತಕರಾರಿಲ್ಲ, ಇದನ್ನು ಸ್ಪಷ್ಟ ಮಾಡಿಬಿಡ್ತೀನಿ. ಆಗ ಆ್ಯಪಲ್ ಟಿವಿಯಲ್ಲಿ ಸಿನಿಮಾ ಬಾಡಿಗೆಗೆ ತಗೊಂಡರೆ 30 ದಿನದೊಳಗೆ ನೋಡೋಕೆ ಶುರು ಮಾಡಬೇಕಿತ್ತು, ಶುರು ಮಾಡಿದ 24 ಗಂಟೆಯಲ್ಲಿ ಮುಗಿಸಬೇಕಿತ್ತು. ಬಿಗಿ ನಿಯಮ, ಆದರೆ ನೇರ ಮಾತು. ಬೀದಿಯ ಕೊನೆಯ ವಿಡಿಯೋ ಲೈಬ್ರರಿಯೂ ಹೀಗೇ ನಡೀತಿತ್ತು. ತಕರಾರು ಇರೋದು ಬಾಡಿಗೆ ಕರಾರನ್ನು ಕ್ರಯಪತ್ರ ಅಂತ ಕೊಡೋದರ ಬಗ್ಗೆ. ಸೈಟು ಕೊಳ್ಳೋವಾಗ ಮೂಲಪತ್ರ, ಖಾತೆ, ಇಸಿ ಅಂತ ಆರು ತಿಂಗಳು ಸಬ್‌ರಿಜಿಸ್ಟ್ರಾರ್ ಆಫೀಸು ಅಲೆಯೋ ನಾವು, ಇಲ್ಲಿ ಮಾತ್ರ 'ಒಪ್ಪಿದ್ದೇನೆ' ಅನ್ನೋ ಗುಂಡಿಯನ್ನು ಓದದೆ ಒತ್ತುತ್ತೇವೆ.

2008ರ ಫೆಬ್ರವರಿಯಲ್ಲಿ ತೋಶಿಬಾ ಸೋತು ಎಚ್‌ಡಿ ಡಿವಿಡಿ ನಿಲ್ಲಿಸಿತಲ್ಲ, ಅದನ್ನು ಕೊಂಡವರು ಪೆದ್ದರಾದರು ಅಂತ ಎಲ್ಲರೂ ಬರೆದರು. ಆದರೆ ಅವರ ಡಿಸ್ಕುಗಳು ಅವರ ಪ್ಲೇಯರಿನಲ್ಲಿ ಆಮೇಲೂ ಓಡ್ತಿದ್ದವು, ಯಾವ ಸರ್ವರಿನ ಅನುಮತಿಯನ್ನೂ ಕೇಳ್ತಿರಲಿಲ್ಲ. ಎಂಎಸ್‌ಎನ್ ಮ್ಯೂಸಿಕ್‌ನಲ್ಲಿ ಕೊಂಡವರಿಗಿಂತ ಅವರ ಸ್ಥಿತಿ ವಾಸಿ.

ಹೊಸ ಮನೆಗೆ ಎಲ್‌ಸಿಡಿ ಟಿವಿ ತಂದು, ಅದರ ಕೆಳಗೆ ಯಾವ ಡಬ್ಬ ಇಡಲಿ ಅಂತ ಕೇಳ್ತಿದ್ದ ಗೆಳೆಯರಿಗೆ ನಾನು ಆಗ ತೋರಿಸ್ತಿದ್ದದ್ದು ನ್ಯಾಷನಲ್ ಮಾರ್ಕೆಟ್ಟಿನ ಯುಎಸ್‌ಬಿ ಇರೋ ಡಿವಿಡಿ ಪ್ಲೇಯರನ್ನ. ಆಗ ಎರಡು ಮೂರು ಸಾವಿರ ರೂಪಾಯಿ. ಡಿವಿಡಿ ಹಾಕಿ, ವಿಸಿಡಿ ಹಾಕಿ, ಎಂಪಿ3 ತುಂಬಿದ ಪೆನ್‌ಡ್ರೈವ್ ಚುಚ್ಚಿ, ಎಲ್ಲಿಂದ ತಂದ್ರಿ ಅಂತ ಕೇಳದೆ ನುಡಿಸ್ತಿತ್ತು. ರಿಮೋಟು ಕೆಟ್ಟದಾಗಿತ್ತು, ಮೆನುವಿನ ಇಂಗ್ಲಿಷಿನಲ್ಲಿ ಕಾಗುಣಿತ ತಪ್ಪು. ಯಾವ ಕಂಪನಿಯದ್ದು ಅಂತ ಕೇಳಿದರೆ ಅಂಗಡಿಯವನಿಗೂ ಗೊತ್ತಿರ್ತಿರಲಿಲ್ಲ, ಡಬ್ಬಿ ತಿರುಗಿಸಿ ಓದಿ ಹೇಳ್ತಿದ್ದ.